ಒಂಟಿ ಚಪ್ಪಲಿ ಬಳಗವೂ ಎಣಿಸುವ ಮಹಾರಾಜನೂ

ಒಂದಾನೊಂದು ಊರಿನಲ್ಲಿ ಚೆನ್ನಾಜಮ್ಮ ಎಂಬ ಹಪ್ಪಳ ಮಾರುವ ಹೆಂಗಸಿದ್ದಳು. ಅವಳ ಹತ್ತಿರ ಒಂದೇ ಚಪ್ಪಲಿ ಇತ್ತು. ಎಡಗಾಲಿನದು. ಬಲಗಾಲಿನದು ಎಲ್ಲಿ ಹೋಯಿತು ಎನ್ನುತ್ತೀರಾ? ಬಸ್ಸು ಹತ್ತಲು ಬಲಗಾಲನ್ನು ಮೆಟ್ಟಿಲ ಮೇಲಿಟ್ಟಳು. ಬಸ್ಸು ಹೊರಟೇಬಿಟ್ಟಿತು. ಕಾಲು ಕೆಳಗೆ ಬಂತು, ಚಪ್ಪಲಿ ಮೇಲೇ ಉಳಿಯಿತು. ಚಪ್ಪಲಿಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ.

ಉಳಿದ ಎಡ ಚಪ್ಪಲಿಯನ್ನು ಒಳಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಚಪ್ಪಲಿಯನ್ನು ಮನೆಯೊಳಗೆ ಇಡುತ್ತಾರೆಯೇ ಎಂದು ಮೂಗು ಮುರಿಯಬೇಡಿ. ಒಂಟಿ ಚಪ್ಪಲಿಯನ್ನು ಯಾರೂ ಮೆಟ್ಟುವುದಿಲ್ಲ. ಮೆಟ್ಟದ ಚಪ್ಪಲಿ ಏನನ್ನೂ ತುಳಿಯುವುದಿಲ್ಲ. ಏನನ್ನೂ ತುಳಿಯದ್ದಕ್ಕೆ ಮೈಲಿಗೆ ಎಲ್ಲಿಂದ ಬರಬೇಕು?

ಒಂಟಿ ಚಪ್ಪಲಿಗಳ ಸ್ವಭಾವ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ದಿನಾ ಬೆಳಗ್ಗೆ ಹೊರಗಿನವರು ಯಾರಾದರೂ, ಅದರ ಒಡೆಯರನ್ನು ಹೆಸರು ಹಿಡಿದು ಕರೆದು, ಜೊತೆಯದು ಸಿಕ್ಕಿತಾ ಎಂದು ಕೇಳಬೇಕು. ಕೇಳಿದರೆ ಅದು ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಕೇಳದಿದ್ದರೆ, ಲೋಕ ತನ್ನನ್ನು ಮರೆತೇಬಿಟ್ಟಿತು ಎಂದುಕೊಂಡು ಕುಂಟೆಬಿಲ್ಲೆ ಆಡುತ್ತಾ ಮನೆ ಬಿಟ್ಟು ಹೋಗುತ್ತದೆ.

ಅದಕ್ಕೇ ಚೆನ್ನಾಜಮ್ಮನ ಮೊಬೈಲಿನೊಳಗೆ ಒಂದು ಗ್ರೂಪ್ ಇತ್ತು. ಹೆಸರು ಒಂಟಿ ಚಪ್ಪಲಿ ಬಳಗ. ಕೈಬೆರಳಲ್ಲಿ ಎಣಿಸಿದರೆ ಬೆರಳು ಮಿಗುವಷ್ಟು ಜನ. ಬೇರೆ ಬೇರೆ ಊರಿನವರು, ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಫಾತಿಮಾಬಿಯ ಚಪ್ಪಲಿ ಕೆರೆಯಲ್ಲಿ ತೇಲಿಹೋಗಿತ್ತು. ಮೀನುಗಳು ಅದನ್ನು ದೋಣಿ ಮಾಡಿಕೊಂಡಿವೆ ಎಂದು ಸುದ್ದಿ. ಹೊಂಗೆಪುರದ ಕರಿಬಸಪ್ಪ ಚಪ್ಪಲಿಯನ್ನು ಕಾಗೆಗೆ ಎಸೆದಿದ್ದ. ಕಾಗೆ ವಾಪಸ್ಸು ಕೊಡಲಿಲ್ಲ.

ಬೆಳಗಾದರೆ ಕರಿಬಸಪ್ಪ ಕೇಳುವನು, "ಚೆನ್ನಾಜಮ್ಮ, ಸಿಕ್ತೇನವ್ವ?"

"ಇನ್ನೂ ಇಲ್ಲ ಕಣಣ್ಣ. ನಿಂದು?"

"ನಂದೂ ಇಲ್ಲ. ಫಾತಿಮಾಬಿ, ನಿಂದು ಸಿಕ್ತಾ ತಾಯಿ?"

"ಇಲ್ಲ ಕರಿಬಸಣ್ಣ."

ಹೀಗೆ ಎಲ್ಲರೂ ಎಲ್ಲರನ್ನೂ ಕೇಳಿ ಮುಗಿಸುವಾಗ ಲೋಟದ ಕಾಫಿ ಇನ್ನೂ ಬಿಸಿಯಾಗಿಯೇ ಇರುತ್ತಿತ್ತು. ಚೆನ್ನಾಜಮ್ಮ ಒಂಟಿ ಹೆಂಗಸು. ಹಪ್ಪಳ ಕೊಳ್ಳುವವರು ಹಪ್ಪಳ ಹೇಗಿದೆ ಎಂದು ಕೇಳುತ್ತಿದ್ದರೇ ಹೊರತು ನೀನು ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳ ಹೆಸರು ಹಿಡಿದು ಕರೆಯುತ್ತಿದ್ದದ್ದು ಆ ಬಳಗ ಒಂದೇ.

ಆ ರಾಜ್ಯಕ್ಕೊಬ್ಬ ಮಹಾರಾಜ. ಅವನಿಗೆ ಎಣಿಸುವ ಹುಚ್ಚು. ಅನ್ನದ ಅಗುಳು ಎಣಿಸಿಯೇ ಉಣ್ಣುವನು, ಹಾಗಾಗಿ ಮಧ್ಯಾಹ್ನದ ಊಟ ರಾತ್ರಿಯ ಊಟದ ಕಾಲು ತುಳಿಯುತ್ತಿತ್ತು. ಮನುಷ್ಯ ಮಾತ್ರ ಒಳ್ಳೆಯವನು. ಒಂದು ದಿನ ಅವನ ಬೆರಳು ಜಾರಿ, ಮೊಬೈಲಿನಲ್ಲಿ ಎಲ್ಲಿಗೋ ಹೋಗಬೇಕಾದವನು ಒಂಟಿ ಚಪ್ಪಲಿ ಬಳಗದೊಳಗೆ ಬಂದು ಬಿದ್ದ. ಅವರ ಮಾತು ಓದಿದ, ಕಣ್ಣಲ್ಲಿ ನೀರು ಬಂತು. ಆಮೇಲೆ ಜನ ಎಣಿಸಿದ. ಎಣಿಕೆ ಶುರುವಾಗುವ ಮೊದಲೇ ಮುಗಿದುಹೋಯಿತು. ಈ ಸಲ ಅವನಿಗೆ ಅಳುವೇ ಬಂತು.

"ಚೆನ್ನಾಜಮ್ಮ, ಇಷ್ಟು ಚಂದದ ಬಳಗದಲ್ಲಿ ಇಷ್ಟೇ ಜನವೇ?" ಎಂದ.

"ಸಾಕಲ್ಲ ಬುದ್ಧಿ."

"ಹೆಚ್ಚು ಜನ ಬಂದರೆ ಹುಡುಕುವ ಕಣ್ಣು ಹೆಚ್ಚಾಗುತ್ತೆ. ನಿನ್ನ ಚಪ್ಪಲಿ ಸಿಗೋದು ಬೇಡವೇ?"

ಬೇಡ ಎಂದು ಹೇಗೆ ಹೇಳುತ್ತಾಳೆ? "ಬೇಕು ಬುದ್ಧಿ," ಎಂದಳು. ಅವಳಿಗೂ ಒಳಗೊಳಗೇ ಹಿಗ್ಗು. ಮಹಾರಾಜರೇ ಮೆಚ್ಚಿದ ಬಳಗ ಎಂದರೆ ಸಾಮಾನ್ಯವೇ?

ಮಹಾರಾಜ ಡಂಗುರ ಹೊಡೆಸಿದ. ಎಲ್ಲರೂ ಒಂಟಿ ಚಪ್ಪಲಿ ಬಳಗಕ್ಕೆ ಸೇರತಕ್ಕದ್ದು. ಆದರೆ ಸೇರಬೇಕಾದರೆ ಒಂದು ಚಪ್ಪಲಿ ಕಳೆದಿರಬೇಕು, ಬಳಗದ ನಿಯಮ ಅದು. ಜನ ಏನು ಮಾಡಿದರು? ಒಂದು ಕಾಲಿನದನ್ನು ಬಿಚ್ಚಿ ಹೊಳೆಗೆ ಎಸೆದರು. ಹೊಳೆ ಕಟ್ಟಿಕೊಂಡಿತು, ನೀರು ಹಿಂದಕ್ಕೆ ಹರಿದು ಬೆಟ್ಟ ಹತ್ತಿತು. ಎಸೆಯಲು ಮನಸ್ಸಾಗದವರಿಗೆ ಅಂಗಡಿಯವರು ಮೊದಲೇ ಕಳೆದುಹೋದ ಚಪ್ಪಲಿ ಮಾರಿದರು. ದುಡ್ಡು ಕೊಟ್ಟರೆ ಒಂದೇ ಚಪ್ಪಲಿ ಕೊಡುತ್ತಿದ್ದರು. ಇನ್ನೊಂದು ಎಂದೂ ಸಿಗುವುದಿಲ್ಲ ಎಂಬುದಕ್ಕೆ ಗ್ಯಾರಂಟಿ. ಮಹಾರಾಜನೂ ತನ್ನ ಜರತಾರಿ ಪಾದರಕ್ಷೆಯಲ್ಲಿ ಒಂದನ್ನು ಅರಮನೆಯ ಬಾವಿಗೆ ಹಾಕಿ, ಗಂಭೀರವಾಗಿ ದುಃಖಪಟ್ಟ.

ಇಡೀ ರಾಜ್ಯವೇ ಬಳಗಕ್ಕೆ ಬಂತು. ಚೆನ್ನಾಜಮ್ಮ ಮನೆಗೆ ನೆಂಟರು ಬಂದರೆಂಬಂತೆ ಸೆರಗು ಸರಿಮಾಡಿಕೊಂಡು ಮೊಬೈಲು ತೆಗೆದಳು. "ಎಲ್ಲರೂ ಬಂದ್ರಾ? ನಂದು ಇನ್ನೂ ಸಿಕ್ಕಿಲ್ಲ ಕಣ್ರಪ್ಪ," ಎಂದು ಬರೆದಳು.

ಒಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿದರು. ಅದರ ಹಿಂದೆ ಮೂಟೆಗಟ್ಟಲೆ ಗುಲಾಬಿ ಬಂತು. ಎಡಗಾಲಿನವರ ದುಃಖ ದೊಡ್ಡದೋ ಬಲಗಾಲಿನವರದೋ ಎಂದು ಜಗಳ ಹತ್ತಿತು. ಯಾರೋ ಸೊಂಟನೋವಿಗೆ ಎಣ್ಣೆ ಮಾರಿದರು. ಚೆನ್ನಾಜಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಕೆಟ್ಟವರೇನಲ್ಲ ಪಾಪ. ಇಷ್ಟು ಜನ ಇರುವಾಗ ಬೇರೆ ಯಾರೋ ಕೇಳಿಯೇ ಇರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಅವಳು ಕರಿಬಸಪ್ಪನನ್ನು ಹುಡುಕಿದಳು. ಅವನು ಗುಲಾಬಿಗಳ ಕೆಳಗೆ ಎಲ್ಲೋ ಹೂತುಹೋಗಿದ್ದ.

"ಇವತ್ತು ನನ್ನ ಯಾರೂ ಕೇಳಲಿಲ್ಲ," ಎಂದಿತು ಗೂಡಿನ ಚಪ್ಪಲಿ.

"ಕೇಳ್ತಾರೆ, ತಡಿ."

ಮರುದಿನವೂ ಕೇಳಲಿಲ್ಲ. ಚಪ್ಪಲಿ ಗೂಡಿನಿಂದ ಇಳಿದು ಹೊಸಿಲ ಹತ್ತಿರ ಬಂತು.

"ನಾನೇ ಕೇಳ್ತೀನಿ. ಚೆನ್ನಾಜಮ್ಮ, ಸಿಕ್ತಾ?" ಎಂದಳು ಚೆನ್ನಾಜಮ್ಮ.

"ಮನೆಯವರು ಕೇಳಿದ್ದು ಲೆಕ್ಕಕ್ಕಿಲ್ಲ. ನಮ್ಮ ಬೆನ್ನು ನಾವೇ ತಟ್ಟಿಕೊಂಡರೆ ಧೂಳು ಹೋಗುತ್ತೆ, ಅಷ್ಟೇ," ಎಂದಿತು ಚಪ್ಪಲಿ.

ಅವಳಿಗೆ ಅಳು ಬಂತು. ಚಪ್ಪಲಿ ಹೋದರೆ ಹೋಗಲಿ, ಕೇಳುವವರೇ ಹೋದರಲ್ಲ ಎಂಬುದೇ ಸಂಕಟ. ಬರಿಗಾಲಲ್ಲಿ ಅರಮನೆಗೆ ಓಡಿದಳು.

"ಬುದ್ಧಿ, ಬಳಗದಲ್ಲಿ ಯಾರೂ ಯಾರನ್ನೂ ಕೇಳ್ತಿಲ್ಲ."

"ಅಷ್ಟೇ ತಾನೆ?" ಎಂದ ಮಹಾರಾಜ. ಕೇಳುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ. ಅವನು ಬೆಳಗ್ಗೆ ಗೋಪುರ ಹತ್ತಿ ಮೈಕಿನಲ್ಲಿ ಕೂಗಿದ, "ಎಲ್ಲರಿಗೂ ಸಿಕ್ಕಿತಾ?"

ರಾಜ್ಯದ ಒಂಟಿ ಚಪ್ಪಲಿಗಳು ಒಂದರ ಮುಖ ಒಂದು ನೋಡಿಕೊಂಡವು. "ಎಲ್ಲರೂ ಅಂದರೆ ಯಾರು? ನಮ್ಮ ಮನೆಯಲ್ಲಿ ಆ ಹೆಸರಿನವರಿಲ್ಲ," ಎಂದವು. ಹಾಗೆಂದು ಮನೆ ಮನೆಯಿಂದ ಕುಂಟೆಬಿಲ್ಲೆ ಆಡುತ್ತಾ ಹೊರಟವು. ಜರತಾರಿ ಪಾದರಕ್ಷೆಯೂ ಹೊರಟಿತು. ಮಹಾರಾಜ ಅದರ ಹಿಂದೆ ಓಡುತ್ತಾ, ಅಭ್ಯಾಸ ಬಲ, ಅದರ ನೆಗೆತಗಳನ್ನು ಎಣಿಸಿದ. ಚೆನ್ನಾಜಮ್ಮ ಮನೆಗೆ ಬರುವಷ್ಟರಲ್ಲಿ ಅವಳ ಚಪ್ಪಲಿ ಹೊಸಿಲು ದಾಟಿ ಅಂಗಳಕ್ಕೆ ಇಳಿದಿತ್ತು. ಅವಳು ಅಡ್ಡ ನಿಂತು ತಡೆದಳು.

ಸುಳ್ಳು ಹೇಳಬಾರದು, ಮಹಾರಾಜನ ಮಾತು ಪೂರ್ತಿ ಹುಸಿಯಾಗಲಿಲ್ಲ. ಅದೇ ಹೊತ್ತಿಗೆ ಗಡಿಯೂರಿನ ಬಸ್ ಕಂಡಕ್ಟರೊಬ್ಬ ಬಳಗದಲ್ಲಿ ಬರೆದಿದ್ದ: ಬಲಗಾಲಿನ ಹೆಂಗಸರ ಚಪ್ಪಲಿಯೊಂದು ಎಷ್ಟೋ ದಿನದಿಂದ ನಮ್ಮ ಬಸ್ಸಿನಲ್ಲೇ ಓಡಾಡುತ್ತಿದೆ, ಟಿಕೆಟ್ ಕೇಳಿದರೆ ಮಾತಾಡುವುದಿಲ್ಲ. ಮಹಾರಾಜ ಅದನ್ನು ಪಲ್ಲಕ್ಕಿಯಲ್ಲಿ ತರಿಸಿ ಚೆನ್ನಾಜಮ್ಮನ ಅಂಗಳದಲ್ಲಿ ಇಳಿಸಿದ.

"ಎಲ್ಲಿದ್ದೆ?" ಎಂದಿತು ಎಡದ್ದು.

"ಕಿಟಕಿ ಪಕ್ಕ," ಎಂದಿತು ಬಲದ್ದು.

ಅಷ್ಟಕ್ಕೇ ಎರಡಕ್ಕೂ ಸಮಾಧಾನವಾಯಿತು. ಮಹಾರಾಜ ಚಪ್ಪಾಳೆ ತಟ್ಟಿದ. ಚೆನ್ನಾಜಮ್ಮನಿಗೂ ನಿಜವಾಗಿ ಸಂತೋಷವಾಯಿತು. ಎರಡೂ ಕಾಲಿಗೆ ಮೆಟ್ಟಿ ಅಂಗಳದಲ್ಲಿ ಒಂದು ಸುತ್ತು ಬಂದಳು. ಆಗ ಮಹಾರಾಜ ಮೆಲ್ಲಗೆ ಹೇಳಿದ, "ಜೋಡಿ ಇರುವವರು ಬಳಗದಲ್ಲಿ ಇರೋ ಹಾಗಿಲ್ಲವಲ್ಲ, ಚೆನ್ನಾಜಮ್ಮ. ನಿಮ್ಮದೇ ನಿಯಮ." ಅವನು ಅವಳ ಹೆಸರು ಅಳಿಸಿದ. ಅಳಿಸಿ ಕಣ್ಣೊರೆಸಿಕೊಂಡ. ಎಣಿಕೆಯಲ್ಲಿ ಒಂದು ಕಡಿಮೆಯಾಯಿತು ನೋಡಿ.

ಬೆಳಗಾಯಿತು. ಚೆನ್ನಾಜಮ್ಮ ಕಾಫಿ ಮಾಡಿಕೊಂಡಳು. ಮೊಬೈಲು ತೆಪ್ಪಗಿತ್ತು. ಕಾಫಿ ಆರಿತು. ಅವಳು ಎದ್ದು ಚಪ್ಪಲಿ ಮೆಟ್ಟಿ ಹೊಂಗೆಪುರದ ದಾರಿ ಹಿಡಿದಳು. ಒಂಟಿ ಚಪ್ಪಲಿಯಲ್ಲಿ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಹೊಂಗೆಪುರದಲ್ಲಿ ಕರಿಬಸಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಂದು ಬಾಗಿಲಲ್ಲಿ ಒಂಟಿ ಚಪ್ಪಲಿಯೊಂದು ಅರ್ಧ ಹೊರಗೆ, ಅರ್ಧ ಒಳಗೆ ನಿಂತಿತ್ತು. ಅದರ ಪಕ್ಕದಲ್ಲಿ ಬಿಳಿ ಮೀಸೆಯ ಮುದುಕ ಅದರ ಬಾರು ಹಿಡಿದುಕೊಂಡು ಕೂತಿದ್ದ.

ಚೆನ್ನಾಜಮ್ಮ ಅಂಗಳದಲ್ಲೇ ನಿಂತಳು. "ಕರಿಬಸಣ್ಣ, ಸಿಕ್ತಾ?" ಎಂದಳು.

ಮುದುಕ ತಲೆ ಎತ್ತಲಿಲ್ಲ. ದನಿಯನ್ನು ಹಿಂದೆಂದೂ ಕೇಳಿರಲಿಲ್ಲ, ಆದರೂ ಯಾರೆಂದು ಗೊತ್ತಾಯಿತು. "ಇನ್ನೂ ಇಲ್ಲ ಕಣವ್ವ," ಎಂದ. ಚಪ್ಪಲಿ ಹಿಂದಕ್ಕೆ ತಿರುಗಿ ಒಳಗೆ ಹೋಗಿ ಗೂಡು ಹತ್ತಿ ಕೂತಿತು.

"ನಿಂದು ಸಿಕ್ತೇನವ್ವ, ಚೆನ್ನಾಜಮ್ಮ?"

ಅವಳ ಕಾಲಲ್ಲಿ ಎರಡೂ ಇದ್ದವು. ಎರಡೂ ಉಸಿರು ಬಿಗಿಹಿಡಿದವು.

"ಇನ್ನೂ ಇಲ್ಲ ಕಣಣ್ಣ," ಎಂದಳು.

ಕರಿಬಸಪ್ಪ ಆಗ ತಲೆ ಎತ್ತಿದ. ಅವಳ ಕಾಲು ನೋಡಿದ. ಎಡಗಾಲು ನೋಡಿದ, ಬಲಗಾಲು ನೋಡಿದ, ಮತ್ತೆ ಎಡಗಾಲು ನೋಡಿದ.

"ಒಳಕ್ಕೆ ಬಾರವ್ವ, ಕಾಫಿ ಕುಡಿಯೋಣ. ಚಪ್ಪಲಿ ಬಾಗಿಲಲ್ಲೇ ಬಿಡು. ನಮ್ಮ ಬೀದಿಲಿ ಒಂದು ನಾಯಿ ಅದೆ. ಬಲು ಒಳ್ಳೆ ನಾಯಿ, ಒಂದನ್ನೇ ಹೊತ್ಕೊಂಡು ಹೋಗ್ತದೆ."

ಚೆನ್ನಾಜಮ್ಮ ಚಪ್ಪಲಿಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದಳು.

ಈ ಕತೆಯ ನೀತಿ ಏನೆಂದರೆ, ಎಮ್ಮೆಗೆ ಕೊಡೆ ಹಿಡಿಯಬಾರದು. ಎಮ್ಮೆ ಎಲ್ಲಿಂದ ಬಂತು ಎಂದು ಕೇಳಿದವರ ಮನೆಗೆ ಅದನ್ನೇ ಅಟ್ಟುತ್ತೇನೆ. ಹೇಳಿದ ನನ್ನ ಬಾಯಿಗೆ ಬೆಲ್ಲ, ಕೇಳಿದ ನಿಮ್ಮ ಕಿವಿಗೆ ಬೆಣ್ಣೆ.