ಮಂಗಟ್ಟೆ ಹಕ್ಕಿ ಮನೆ ಹುಡುಕಿದ್ದು

ಮಂಗಟ್ಟೆ ಹಕ್ಕಿಗಳಲ್ಲಿ ಹೆಣ್ಣು ಮರದ ಪೊಟರೆ ಹೊಕ್ಕು, ಒಂದು ಸೀಳು ಮಾತ್ರ ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಯಿಡುತ್ತದೆ. ಮರಿ ಬಲಿಯುವವರೆಗೆ ಗಂಡಿನ ಒಂದು ಕೊಕ್ಕೇ ಇಡೀ ಮನೆಯನ್ನು ಸಾಕಬೇಕು.

ಅಂಥದೊಂದು ಗಂಡು ಮಂಜಿನಲ್ಲಿ ತೇಲುತ್ತ ಹೋಗಿ, ಗುಡ್ಡದ ನೆತ್ತಿಯ ಮರದಲ್ಲಿ ಅಗಲವಾದ ಪೊಟರೆಯೊಂದನ್ನು ಕಂಡು ಮೈಮರೆಯಿತು. ಹೆಂಡತಿಯನ್ನು ಕರೆತಂದು, "ನೋಡೇ, ಇಲ್ಲಿ ಮೋಡ ಮನೆಯೊಳಗೇ ಬಂದು ಕೂರುತ್ತದೆ" ಎಂದಿತು.

"ಕೂರಲಿ. ಮರಿಗಳು ಮೋಡ ತಿನ್ನುತ್ತವೆಯೇ? ಅತ್ತಿಮರ ಎಲ್ಲಿದೆ?"

"ಕೆಳಗೆ, ಹೊಳೆಯ ದಂಡೆಯಲ್ಲಿ. ರೆಕ್ಕೆಯಿರುವವನಿಗೆ ಅದೇನು ದೂರ!"

"ಹಾಗಾದರೆ ಒಂದೇ ಒಂದು ಹಣ್ಣು ತನ್ನಿ. ಇಲ್ಲೇ ಕಾದಿರುತ್ತೇನೆ."

ಗಂಡು ಹುರುಪಿನಿಂದ ಹಾರಿತು. ಏದುಸಿರು ಬಿಡುತ್ತ ಮರಳಿದಾಗ ಮಧ್ಯಾಹ್ನವಾಗಿತ್ತು, ಕೊಕ್ಕು ಖಾಲಿಯಿತ್ತು.

"ಹಣ್ಣೆಲ್ಲಿ?"

"ಏರುದಾರಿಯಲ್ಲಿ ನನಗೇ ಹಸಿವಾಯಿತು ಕಣೇ. ತಿಂದುಬಿಟ್ಟೆ."

ಹೆಣ್ಣು ಬೈಯಲಿಲ್ಲ, ನಕ್ಕಿತು. ಎರಡೂ ಹೊಳೆಯ ದಂಡೆಗೆ ಇಳಿದು ಬಂದವು. ಅತ್ತಿಮರದ ಪಕ್ಕದ ಮರದಲ್ಲಿ ಇಕ್ಕಟ್ಟಾದ ಪೊಟರೆಯೊಂದಿತ್ತು. ಹೆಣ್ಣು ಬಾಲ ಮಡಚಿಕೊಂಡು ಒಳಗೆ ಕೂತಿತು.

"ಸಾಕಾಗುತ್ತದೆಯೇ?" ಗಂಡು ಅಳುಕುತ್ತ ಕೇಳಿತು.

"ಬಾಲ ಮಡಚಬಹುದು, ಹೊಟ್ಟೆ ಮಡಚಲಾಗದು. ಮಣ್ಣು ತನ್ನಿ."

ಮರುದಿನ ಮುಂಜಾನೆ ಸೀಳಿನಿಂದ ಕೊಕ್ಕೊಂದು ಹೊರಚಾಚಿತು. ಗಂಡು ಅದರೊಳಗಿಟ್ಟ ಹಣ್ಣಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.