ಸಿರಿಯವ್ವನ ತವರುಬಂಡೆ

ಕರೇಕಲ್ಲುದುರ್ಗದ ಒಳಕೋಟೆಯ ಎದುರಿಗೆ, ಕಂದಕದ ಆಚೆ ದಡದಲ್ಲಿ, ಬೆನ್ನು ತಿರುಗಿಸಿ ಮಲಗಿದ ಆನೆಯಂಥ ಒಂದು ಬಂಡೆಯಿದೆ. ಅದರ ಹೆಸರು ತವರುಬಂಡೆ. ಮೈಮೇಲೆ ಕೆಂಪು, ಬಿಳಿ ಕಲೆಗಳು. ಕಲ್ಲಿನೊಳಗಿನ ಕಬ್ಬಿಣ ಮಳೆಗೆ ಇಳಿದು ಕೆಂಪಾಗಿದೆ ಎಂದು ಭೂವಿಜ್ಞಾನ ಓದಿದವರು ಹೇಳುತ್ತಾರೆ. ಬಿಳಿಯದರ ಬಗ್ಗೆ ಕೇಳಿದರೆ ಹಕ್ಕಿಗಳತ್ತ ಕೈ ತೋರಿಸುತ್ತಾರೆ. ಊರಿನವರಿಗೆ ಮಾತ್ರ ಅದು ಐದು ಮನೆ, ಒಂದು ಬಾವಿ, ಒಂದು ಹುಣಸೆಮರ. ಇದನ್ನು ಬರೆಸಿದಳೆನ್ನುವ, ನಾಯಕನ ಹೆಂಡತಿ ಸಿರಿಯವ್ವ ನಾಗತಿಯ ಹೆಸರು ದುರ್ಗದ ಯಾವ ಶಾಸನದಲ್ಲೂ ಇಲ್ಲ. ನಾಯಕರು ಕೆರೆ ತೋಡಿಸಿದ್ದು, ಹಗೆಗಳ ತಲೆ ತೆಗೆದದ್ದು ಎಲ್ಲವೂ ಕಲ್ಲಿನ ಮೇಲಿದೆ. ಮನೆಯ ಹೆಂಗಸರ ಹೆಸರು ಕೆತ್ತುವ ಹೊತ್ತಿಗೆ ಕಲ್ಲು ಮುಗಿದಿರಬೇಕು. ಹೀಗಾಗಿ ಕಥೆಗೆ ಆಧಾರ ಜನರ ಬಾಯಿ ಮಾತ್ರ.

ದುರ್ಗ ಇನ್ನೂ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಕೆಂಚನಹಟ್ಟಿಯ ಹುಡುಗಿ ಸಿರಿಯವ್ವ ನಾಯಕನ ಕೈಹಿಡಿದು ಒಳಕೋಟೆಗೆ ಬಂದಳಂತೆ. ಒಳಕೋಟೆಗೆ ಎರಡು ಕಟ್ಟುಪಾಡುಗಳಿದ್ದವು. ಒಳಗೆ ಬಂದ ನಾಗತಿ ಮತ್ತೆ ಹೊರಗೆ ಹೋಗಬಾರದು. ಹೊರಗಿನ ಸಾವಿನ ಸುದ್ದಿ ಒಳಗೆ ಬರಬಾರದು. ಕೆಂಚನಹಟ್ಟಿ ದೂರವೇನಲ್ಲ, ಗುಡ್ಡದ ಆಚೆ ಮಗ್ಗುಲು, ಬೆಳಗ್ಗೆ ಕಡೆದ ಮಜ್ಜಿಗೆ ಹುಳಿಯಾಗುವುದರೊಳಗೆ ನಡೆದು ಮುಟ್ಟಬಹುದು. ನಡೆಯಲು ಬಿಡಬೇಕಷ್ಟೆ. ಬಿಡದಿದ್ದಾಗ ಸಿರಿಯವ್ವ ಪಟಗಳನ್ನು ಕೂಡಿಹಾಕತೊಡಗಿದಳು. ದುರ್ಗದ ದಾರಿಯಲ್ಲಿ ಹಾದುಹೋಗುವ ಯಾತ್ರಿಕರು, ವ್ಯಾಪಾರಿಗಳು ತಾವು ಕಂಡ ಊರಿನ ಪಟವೊಂದನ್ನು ಬಟ್ಟೆಯ ಮೇಲೆ ಬರೆಸಿ ತರಬೇಕೆಂದು ಹೇಳಿ ಕಳಿಸಿದಳು. ಕಾಶಿಯ ಘಟ್ಟ ಬಂತು, ಶ್ರೀಶೈಲದ ಮೆಟ್ಟಿಲು ಬಂತು, ರಾಮೇಶ್ವರದ ಕಡಲು ಬಂತು. ಅವನ್ನು ಅವಳು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ಹೂ, ಹಾಲು, ಸೊಪ್ಪು ತರುವ ಹೆಂಗಸರಿಗೆಲ್ಲ ಎಂಟು ದಿನಕ್ಕೊಂದರಂತೆ ಕೊಟ್ಟು ಕಳಿಸುತ್ತಿದ್ದಳು. ಕಾಶಿಯ ಪಟ ಮರಳಿ ಬಂದಾಗ ಅದರ ಅಂಚಿನಲ್ಲಿ ಅರಿಸಿನದ ಬೆರಳಚ್ಚುಗಳಿದ್ದವು. ಅದನ್ನು ನೋಡಿ ಬಹಳ ದಿನಗಳ ಮೇಲೆ ನಕ್ಕಳೆನ್ನುತ್ತಾರೆ.

ಆದರೆ ಮೂರು ವರ್ಷ ಕಳೆದರೂ ಕೆಂಚನಹಟ್ಟಿಯ ಪಟ ಬರಲಿಲ್ಲ. ಕಾಶಿಗೆ ಹೋದವನು ಕಾಶಿಯನ್ನು ಬರೆಸುತ್ತಾನೆ. ಗುಡ್ಡದ ಆಚೆಯ ಹಟ್ಟಿಯನ್ನು ಯಾರು ಬರೆಸುತ್ತಾರೆ? ಕೊನೆಗೆ ಅರಮನೆಯ ಚಿತ್ರಗಾರ ತಿಮ್ಮೋಜನನ್ನೇ ಅಲ್ಲಿಗೆ ಕಳಿಸಿದಳು. ಅವನು ಹೋಗಿ ನೋಡಿಬಂದು, ಏಳಂತಸ್ತಿನ ಬಾಗಿಲು, ಚಿನ್ನದ ಕಳಶ, ತಾವರೆಕೊಳ ಇರುವ ಪಟ್ಟಣವೊಂದನ್ನು ಬರೆದುಕೊಟ್ಟ. ಎರಡನೆಯ ಸಲ ಕಳಿಸಿದಾಗ ಬಾಗಿಲಿಗೆ ಎರಡು ಆನೆ ಹೆಚ್ಚಾದವು. "ತಾಯೀ, ಅರಸಿ ಹುಟ್ಟಿದ ಊರನ್ನ ಹುಲ್ಲಿನ ಗುಡಿಸಲಾಗಿ ಬರೆಯೋ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಕೈ ಏಳೋದಿಲ್ಲ," ಎಂದ. ಪದ್ಧತಿ ಗೊತ್ತಿದ್ದವರಿಗೆ ಕಣ್ಣು ಕೆಲಸಕ್ಕೆ ಬರುವುದು ಕಡಿಮೆ.

ಆ ಪಟವನ್ನು ಕೆಂಚನಹಟ್ಟಿಯಿಂದಲೇ ಮಜ್ಜಿಗೆ ತರುತ್ತಿದ್ದ ಚಿತ್ತಕ್ಕ ನೋಡಿದಳು. "ಅಯ್ಯೋ ನನ್ನವ್ವ, ನಮ್ಮೂರಾಗೆ ಇಂಥಾ ಬಾಗ್ಲು ಐತಾ? ದಿನಾ ಅದ್ರಾಗೇ ಹಾದು ಬತ್ತೀನಿ, ಒಂದಿನ ತಲೆಗೂ ತಾಕ್ಲಿಲ್ಲ ನೋಡು!" ಎಂದು ಸೆರಗು ಬಾಯಿಗಿಟ್ಟು ನಕ್ಕಳು.

"ನಗಬೇಡ ಚಿತ್ತಕ್ಕ. ನೀನೇ ಬರೆದುಕೊಡು."

ಚಿತ್ತಕ್ಕನ ನಗು ನಿಂತಿತು. "ಬಟ್ಟೆ ಮ್ಯಾಲೆ ನಂಗೆ ಬರಾಕಿಲ್ಲ. ಗ್ವಾಡೆ ಮ್ಯಾಲಾದ್ರೆ ಬರೀತೀನಿ. ಆದ್ರೆ ಇದ್ದಂಗೇ ಬರೀತೀನಿ ಕಣವ್ವ. ಆಮ್ಯಾಕೆ ನನ್ನ ಬೈಕೂಡ್ದು."

ಅರಮನೆಯ ಗೋಡೆಗೆ ಕೆಮ್ಮಣ್ಣು ಬಳಿಯಲು ಕಾವಲಿನವರು ಬಿಡಲಿಲ್ಲ. ಚಿತ್ತಕ್ಕ ಕಂದಕದ ಆಚೆಯ ಬಂಡೆಗೆ ಹೋದಳು. ಮಜ್ಜಿಗೆ ಮಾರಿ ಹಿಂತಿರುಗುವಾಗ ದಿನಕ್ಕಿಷ್ಟರಂತೆ, ಕೆಮ್ಮಣ್ಣು, ಸುಣ್ಣ ಹಿಡಿದು, ಬೆರಳಿನಿಂದಲೇ ಐದು ದಿನ ಬರೆದಳು. ಸಿರಿಯವ್ವ ಕಿಟಕಿಯಿಂದ ನೋಡುತ್ತಿದ್ದಳು. ಮೊದಲ ದಿನ ಬಾವಿ. ಅದರ ಕಟ್ಟೆಯ ಒಂದು ಕಲ್ಲು ಹಿಂದಿನಂತೆಯೇ ಹೊರಗೆ ವಾಲಿತ್ತು. ಆಮೇಲೆ ಹುಣಸೆಮರ, ಗೊಂತಿಗೆ ಕಟ್ಟಿದ ದನ, ಸಾಲಾಗಿ ಐದು ಮನೆ. ಕೊನೆಯ ದಿನ ಸುಣ್ಣದಲ್ಲಿ ಮನೆಗಳ ಮುಂದೆ ರಂಗೋಲಿ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಹುಣಸೆಮರದ ಪಕ್ಕದ, ಸಿರಿಯವ್ವ ಹುಟ್ಟಿದ, ಅವಳ ಅವ್ವ ಇದ್ದ ಮನೆ. ಅದರ ಮುಂದೆ ಬರಿಯ ನೆಲ. ಚಿತ್ತಕ್ಕ ಕೈ ತೊಳೆದುಕೊಂಡು ಹೊರಟುಹೋದಳು.

ಮಾರನೆಯ ಬೆಳಗ್ಗೆ ಮಜ್ಜಿಗೆಯ ಗಡಿಗೆ ಇಳಿಸುವಾಗ ಸಿರಿಯವ್ವ ಕೇಳಿದಳು: "ಕೊನೇ ಮನೆ ಮುಂದೆ ರಂಗೋಲಿ ಬಿಡೋದು ಮರೆತೆಯೇನೆ?"

"ಮರೀಲಿಲ್ಲ ಕಣವ್ವ."

"ಹಬ್ಬ ಆದ ಮೇಲೋ, ಮುಂಚೆಯೋ?"

"ಮುಂಚೆ. ಹೆಚ್ಚು ನರಳ್ಲಿಲ್ಲ. ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ."

ಸಾವಿನ ಸುದ್ದಿ ಬಾಗಿಲು ದಾಟಿ ಬಂದಿರಲಿಲ್ಲ. ಕಾವಲಿನವರ ಕಣ್ಣೆದುರೇ ಬಂಡೆಯ ಮೇಲೆ ಕೂತಿತ್ತು. ತಿಮ್ಮೋಜ ಎರಡು ಸಲ ಹಟ್ಟಿಗೆ ಹೋಗಿ ಆ ಮನೆಯನ್ನು ಕಂಡಿದ್ದರೂ ಆನೆಗಳನ್ನೇ ಯಾಕೆ ಬರೆದ ಎಂಬುದು ಆಗ ಅವಳಿಗೆ ಹೊಳೆದಿರಬಹುದು. ಅವನು ಬಂಡೆಯ ಚಿತ್ರಕ್ಕೆ ನಾಲ್ಕು ಬಣ್ಣ ತುಂಬಿ ಚೆಂದ ಮಾಡುತ್ತೇನೆಂದು ಮುಂದೆ ಬಂದಾಗ, ಅದನ್ನು ಯಾರೂ ಮುಟ್ಟಕೂಡದೆಂದು ನಾಗತಿ ಅಪ್ಪಣೆ ಮಾಡಿದಳು. ಅವಳು ದುರ್ಗದಲ್ಲಿ ಮಾಡಿದ ಅಪ್ಪಣೆ ಅದೊಂದೇ ಎನ್ನುತ್ತಾರೆ. ಕಾಶಿಯ ಪಟ ಚಿತ್ತಕ್ಕನ ಪಾಲಾಯಿತು. ಕಡಲು, ಮೆಟ್ಟಿಲು ಎಲ್ಲವೂ ಕೇಳಿದವರ ಮನೆ ಸೇರಿದವು. ಯಾವುದನ್ನೂ ಅವಳು ವಾಪಸ್ಸು ಕೇಳಲಿಲ್ಲ. ಅಂದಿನಿಂದ ಜನ ಆ ಬಂಡೆಯನ್ನು ನಾಗತಿಯ ತವರೆಂದರು. ಬರುಬರುತ್ತಾ ತವರುಬಂಡೆ ಎಂದಾಯಿತು.

ಈಗ ಒಳಕೋಟೆಗೆ ಚಾವಣಿಯಿಲ್ಲ. ಆ ಕಿಟಕಿಯ ಗೋಡೆ ಮಾತ್ರ ನಿಂತಿದೆ. ಕಿಟಕಿ ಎದೆಯೆತ್ತರಕ್ಕಿದೆ, ಗೋಡೆ ದಪ್ಪ, ಒಳಗೆ ನಿಂತು ನೋಡಿದರೆ ಆಕಾಶ, ಗುಡ್ಡದ ನೆತ್ತಿ, ಅಷ್ಟೆ. ಬಂಡೆ ಕಾಣುವುದೇ ಇಲ್ಲ, ಕಥೆ ಸುಳ್ಳು ಎನ್ನಲು ಇದೊಂದೇ ಸಾಕು ಎಂದು ತಿಳಿದವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಕಿಟಕಿಯ ತಳಕ್ಕೆ ಹಾಸಿದ ಚಪ್ಪಡಿ ನಡುವಿನಲ್ಲಿ ಒಬ್ಬರು ಕೂರುವಷ್ಟು ಅಗಲ ಸವೆದು ನುಣುಪಾಗಿದೆ. ಕಲ್ಲು ಸವೆಯಲು ಕಾರಣ ನೂರಿರಬಹುದು. ನೋಡಲು ಬಂದ ಹೆಂಗಸರು ಕೆಲವರು ಚಪ್ಪಲಿ ಬಿಟ್ಟು, ಕಾಲು ಮಡಚಿ, ಅದರ ಮೇಲೆ ಹತ್ತಿ ಕೂರುತ್ತಾರೆ. ಅಲ್ಲಿಂದ ಬಂಡೆ ಪೂರ್ತಿ ಕಾಣುತ್ತದೆ. ಜೊತೆಗೆ ಬಂದವರು ಬಸ್ಸಿಗೆ ಹೊತ್ತಾಯಿತೆಂದು ಕೆಳಗಿನಿಂದ ಕರೆಯುತ್ತಲೇ ಇರುತ್ತಾರೆ. ಹತ್ತಿ ಕೂತವರು ಬೇಗ ಇಳಿಯುವುದಿಲ್ಲ.