ತೋಪಿನ ಸಣ್ಣ ದನಿ

“ಹೆಂಡತಿ ತೀರಿಕೊಂಡ ಮೇಲೆ, ಮನೆಯಲ್ಲಿ ಯಾರೂ ಅವಳ ಮಾತೆತ್ತಬಾರದು ಎಂದು ಹೇಳಿದ್ದೇನೆ. ಎತ್ತಿದರೆ ನನಗೆ ತಡೆಯಲಾಗುವುದಿಲ್ಲ. ಇದು ತಪ್ಪೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕರಿದ್ದರು. ಪ್ರಾಣಿಶಾಸ್ತ್ರ ಅವರ ವಿಷಯ. ಸೇರಿದ ಹೊಸದರಲ್ಲಿ, ಜೊತೆಯವರೆಲ್ಲ ಕೋಣೆಯೊಳಗೆ ಕಪ್ಪೆ ಕೊಯ್ಯುತ್ತಿದ್ದರೆ ಇವರು ಹೊರಗೆ ಮರದ ಕೆಳಗೆ ಕತ್ತೆತ್ತಿ ನಿಂತಿರುತ್ತಿದ್ದರು.

“ಏನ್ರೀ, ಇವತ್ತು ಹಕ್ಕಿಗಳೆಲ್ಲ ಹಾಜರಿ ಹಾಕಿದವೋ?” ಎಂದು ಜೊತೆಯವರು ಚುಡಾಯಿಸುತ್ತಿದ್ದರು.

“ಹಾಕಿದವು. ನಿಮ್ಮ ಹುಡುಗರಿಗಿಂತ ವಾಸಿ,” ಎನ್ನುತ್ತಿದ್ದರು ಇವರು.

ಹಕ್ಕಿ ನೋಡು ಎಂದು ತನಗೆ ಸಂಬಳ ಕೊಡುತ್ತಾರಲ್ಲ ಎಂಬ ಆಶ್ಚರ್ಯ ಅವರಿಗೆ ಎಂದೂ ಹೋಗಲಿಲ್ಲ. ಬೆಳಗ್ಗೆ ಎದ್ದ ಕೂಡಲೇ, ಯಾರಿಗೆ ಎಂದಿಲ್ಲದೆ ಕೈ ಮುಗಿಯುತ್ತಿದ್ದರು.

ಎಲೆ ದಟ್ಟವಾಗಿರುವ ಕಡೆ ಸಣ್ಣ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ದನಿ ಕೇಳಿಯೇ ಅದು ಇದೆಯೋ ಇಲ್ಲವೋ ಎಂದು ಹೇಳಬೇಕು. ಆ ಕೆಲಸದಲ್ಲಿ ಅವರ ಕಿವಿಗೆ ಸಾಟಿಯಿರಲಿಲ್ಲ. ಅವರು ಹೂಂ ಎಂದರೆ ಹೂಂ, ಇಲ್ಲ ಎಂದರೆ ಇಲ್ಲ.

ವಿಶ್ವವಿದ್ಯಾಲಯದ ಹಿಂದಿನ ತೋಪಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾದ ಒಂದು ಜಾತಿಯ ಹಕ್ಕಿಯಿತ್ತು. ಸೂಜಿಯಂಥ ದನಿ ಅದರದು. ಅವರು ಮೊದಲು ಅಭ್ಯಾಸ ಮಾಡಿದ್ದು ಅದನ್ನೇ. ಅವರಿಗೆ ಅನ್ನ, ಹೆಸರು ಎಲ್ಲ ಅದರಿಂದಲೇ ಬಂದದ್ದು.

ನಿವೃತ್ತಿ ಹತ್ತಿರ ಬಂದಾಗ ಆ ದನಿ ನಿಂತುಹೋಯಿತು. ಇಡೀ ವರ್ಷ ಕಾದರು. ಕೇಳಿಸಲಿಲ್ಲ. ಹಕ್ಕಿ ಅಳಿದುಹೋಯಿತು ಎಂದು ತೀರ್ಮಾನಿಸಿದರು. ಬೀಳ್ಕೊಡುಗೆ ಸಭೆಯಲ್ಲಿ ಅದನ್ನೇ ಹೇಳುವುದೆಂದುಕೊಂಡರು. ಊಟ ಸೇರದಾಯಿತು. ಬೆಳಗ್ಗೆ ಕೈ ಮುಗಿಯುವುದೂ ತಪ್ಪಿತು. ಇಷ್ಟು ವರ್ಷ ಓದಿದ್ದು ಇದನ್ನು ನೋಡಲಿಕ್ಕೋ ಎಂದು ಒಳಗೊಳಗೇ ಕೊರಗಿದರು.

ಸಭೆಯ ಹಿಂದಿನ ದಿನ ಕೊನೆಯ ಸಲ ಎಂದು ತೋಪಿಗೆ ಹೋದರು. ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಜೊತೆಗಿದ್ದಳು.

“ನೋಡಮ್ಮ, ಎಷ್ಟು ಬಿಕೋ ಅನ್ನುತ್ತಿದೆ,” ಎಂದರು.

ಅವಳು ನೆಲ ನೋಡಿದಳು.

“ಯಾಕೆ, ಏನಾಯಿತು?”

“ಬೈಬೇಡಿ ಸಾರ್. ಅದು ಕೂಗ್ತಾ ಇದೆ. ನಿಮ್ಮ ತಲೆ ಮೇಲೇ.”

ಅವರು ದುರ್ಬೀನು ಎತ್ತಿದರು. ಕೊಂಬೆಯ ತುದಿಯಲ್ಲಿ ಹಕ್ಕಿ ಕೂತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲು ಅದುರುತ್ತಿತ್ತು. ಅವರಿಗೆ ಏನೂ ಕೇಳಿಸಲಿಲ್ಲ.

ವಯಸ್ಸಾದ ಕಿವಿಯಿಂದ ಮೊದಲು ಜಾರಿಹೋಗುವುದು ಅಂಥ ಸಣ್ಣ ದನಿಗಳೇ. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದರು. ತಮ್ಮ ಕಿವಿಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

“ನಿನಗೆ ಯಾವಾಗಿನಿಂದ ಕೇಳಿಸುತ್ತಿದೆ?”

“ಮೊದಲಿನಿಂದಲೂ ಸಾರ್. ನೀವು ಇಲ್ಲ ಅಂದ್ರಿ. ನನ್ನ ಕಿವಿಯೇ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ನಿಮಗೆ ಕೇಳಿಸ್ತಿಲ್ಲ ಅಂತ ಗೊತ್ತಾಯ್ತು. ನಿಮಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ.”

ಅವರು ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಇನ್ನು ಈ ಜನ್ಮದಲ್ಲಿ ಆ ದನಿ ತನಗಿಲ್ಲ. ಅದು ಎದೆಗೆ ನಾಟಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಹಕ್ಕಿ ಇದೆ. ಕಣ್ಣಲ್ಲಿ ನೀರು ಬಂತು. ನಗುವೂ ಬಂತು.

“ಅಬ್ಬಾ! ಹೋದದ್ದು ನನ್ನ ಕಿವಿ ಮಾತ್ರವೋ? ಹೋದರೆ ಹೋಗಲಿ ಬಿಡು! ಪುಣ್ಯಾತ್ಗಿತ್ತಿ, ಇಷ್ಟು ಹೇಳೋದಕ್ಕೆ ಒಂದು ವರ್ಷ ಬೇಕಾಯಿತೇ ನಿನಗೆ?” ಎಂದರು.

ಎದ್ದು ಮರಕ್ಕೆ ಕೈ ಮುಗಿದರು. ಅವಳ ಕಡೆ ತಿರುಗಿ ಅವಳಿಗೂ ಮುಗಿದರು. ಅವಳು ಗಾಬರಿಯಿಂದ ಹಿಂದೆ ಸರಿದಳು.

ನಿವೃತ್ತರಾದ ಮೇಲೂ ಅವರು ಬೆಳಗ್ಗೆ ತೋಪಿಗೆ ಬರುತ್ತಿದ್ದರು. “ಕೂಗಿತೇನಮ್ಮ?” ಎಂದು ಕೇಳುತ್ತಿದ್ದರು. “ಕೂಗ್ತು ಸಾರ್, ಇವತ್ತು ಸ್ವಲ್ಪ ಜೋರಾಗೇ ಇದೆ,” ಎನ್ನುತ್ತಿದ್ದಳು ಅವಳು. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

“ಆ ಹಕ್ಕಿ ಬದುಕಿತ್ತು ಗುರುಗಳೇ. ನನ್ನವಳು ಇಲ್ಲ,” ಎಂದ ಶಿಷ್ಯ.

“ಇಲ್ಲ, ಆದರೆ ಅವಳ ದನಿ ಯಾರ ಕಿವಿಯಲ್ಲಿ ಇನ್ನೂ ಇದೆಯೋ, ಅವರ ಬಾಯನ್ನೇ ನೀನು ಮುಚ್ಚಿಸಿದ್ದೀಯ.”